ಮಾಹಿತಿ ಅರ್ಜಿಯೋ, ದೂರೋ? ವರ್ತಕರು ತಿಳಿದಿರಬೇಕಾದ ವ್ಯತ್ಯಾಸ

ಸರಕಾರಿ ಕಚೇರಿಯಲ್ಲಿ ಬಿಲ್ಲಿನ ಹಣವೋ ಪರವಾನಗಿಯ ಕಡತವೋ ತಿಂಗಳುಗಟ್ಟಲೆ ಮುಂದೆ ಸರಿಯದೆ ನಿಂತಾಗ ವರ್ತಕ ಬಾಂಧವರಿಗೆ ಹಿತೈಷಿಗಳಿಂದ ಎರಡು ಬಗೆಯ ಸಲಹೆ ದೊರೆಯುತ್ತದೆ. "ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ತಾವಾಗಿಯೇ ದಾರಿಗೆ ಬರುತ್ತಾರೆ" ಎಂಬುದು ಒಂದು. "ನೇರವಾಗಿ ಲೋಕಾಯುಕ್ತಕ್ಕೆ ದೂರು ಕೊಟ್ಟುಬಿಡಿ" ಎಂಬುದು ಇನ್ನೊಂದು. ಎರಡೂ ಸದುದ್ದೇಶದ ಸಲಹೆಗಳೇ. ಆದರೆ ಯಾವ ಸಂದರ್ಭಕ್ಕೆ ಯಾವುದು ಎಂಬ ವಿವೇಚನೆಯಿಲ್ಲದೆ ಹೊರಟರೆ ಅರ್ಜಿಯೂ ವ್ಯರ್ಥ, ಕಾನೂನು ನೀಡಿರುವ ಕಾಲಾವಧಿಯೂ ವ್ಯರ್ಥ. ಹತ್ತು ರೂಪಾಯಿಯ ಶುಲ್ಕ ಹೋದರೆ ಹೋಗಲಿ ಎನ್ನಬಹುದು. ಮೀರಿಹೋದ ಮೇಲ್ಮನವಿಯ ಗಡುವನ್ನು ಮರಳಿ ಪಡೆಯುವುದು ಬಲು ಕಷ್ಟ. ಆದುದರಿಂದ ಈ ಎರಡು ಮಾರ್ಗಗಳ ವ್ಯತ್ಯಾಸವನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಮೂಲ ವ್ಯತ್ಯಾಸ

2005ರ ಮಾಹಿತಿ ಹಕ್ಕು ಅಧಿನಿಯಮವು ಆ ವರ್ಷದ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು ನೋಡುವ ಮತ್ತು ಅದರ ಪ್ರತಿ ಪಡೆಯುವ ಹಕ್ಕನ್ನು ಅದು ಪ್ರಜೆಗೆ ನೀಡುತ್ತದೆ. ಹಣ ಪಾವತಿಸಿ, ಪರವಾನಗಿ ಕೊಡಿ, ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಿ ಎಂದು ಆದೇಶಿಸುವ ಅಧಿಕಾರವನ್ನು ಅದು ಮಾಹಿತಿ ಅಧಿಕಾರಿಗೆ ಕೊಟ್ಟಿಲ್ಲ. ಇಲ್ಲದ ದಾಖಲೆಯನ್ನು ಸೃಷ್ಟಿಸಿ ಕೊಡುವ ಅಥವಾ ಅಭಿಪ್ರಾಯ ನೀಡುವ ಹೊಣೆ ಕಚೇರಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ದೂರು ಇದಕ್ಕೆ ವಿರುದ್ಧವಾದುದು. ಅದು ಆಗಿರುವ ತೊಂದರೆಗೆ ಪರಿಹಾರವನ್ನೋ, ತಪ್ಪಿಗೆ ಕ್ರಮವನ್ನೋ ಕೋರುತ್ತದೆ. ಆದರೆ ಆ ತೊಂದರೆಯನ್ನು ತೋರಿಸಿಕೊಡುವ ಭಾರ ದೂರುದಾರನದು. ಕಾಗದಪತ್ರವಿಲ್ಲದ ದೂರು ಬರಿಯ ಮಾತಾಗಿ ಉಳಿಯುತ್ತದೆ.

ಹೀಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಕೈಯಲ್ಲಿ ಇಲ್ಲದಿರುವುದು ದಾಖಲೆಯೋ, ಪರಿಹಾರವೋ? ದಾಖಲೆಯಾದರೆ ಮಾಹಿತಿ ಅರ್ಜಿ. ದಾಖಲೆಗಳೆಲ್ಲ ಕೈಯಲ್ಲಿದ್ದು ಕೆಲಸ ಮಾತ್ರ ಆಗದಿದ್ದರೆ ದೂರು ಅಥವಾ ಮೇಲ್ಮನವಿ.

ಒಂದು ಉದಾಹರಣೆ

ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಸರಕಾರಿ ಸಂಸ್ಥೆಯೊಂದಕ್ಕೆ ಉಕ್ಕಿನ ಕಪಾಟುಗಳನ್ನು ಸರಬರಾಜು ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ. ಸರಕು ತಲುಪಿದೆ, ಸ್ವೀಕೃತಿ ದೊರೆತಿದೆ, ಐದು ತಿಂಗಳಾದರೂ ಹಣ ಬಂದಿಲ್ಲ. ಅವರು ಮಾಹಿತಿ ಹಕ್ಕಿನಡಿ "ನನ್ನ ಬಿಲ್ಲನ್ನು ಏಕೆ ಪಾಸು ಮಾಡಿಲ್ಲ? ಹಣವನ್ನು ಯಾವಾಗ ಕೊಡುವಿರಿ?" ಎಂದು ಬರೆಯುತ್ತಾರೆ. ತಿಂಗಳು ಮುಗಿಯುವ ಹೊತ್ತಿಗೆ "ಕೋರಿರುವ ಅಂಶಗಳು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಎಂಬ ಹಿಂಬರಹ ಬರುತ್ತದೆ. ಉದ್ಯಮಿಗೆ ಇದು ಉಡಾಫೆಯ ಉತ್ತರವೆನಿಸಬಹುದು. ಆದರೆ ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಏಕೆ, ಯಾವಾಗ ಎಂಬುವು ದೂರಿನ ಪ್ರಶ್ನೆಗಳು. ಅವರು ಅವನ್ನು ಮಾಹಿತಿ ಅರ್ಜಿಯಲ್ಲಿ ಕೇಳಿದ್ದಾರೆ.

ಅದೇ ಅರ್ಜಿಯನ್ನು ಹೀಗೆ ಬರೆದಿದ್ದರೆ ಫಲ ಬೇರೆಯಾಗುತ್ತಿತ್ತು: ಬಿಲ್ಲು ಸ್ವೀಕರಿಸಿದ ದಿನಾಂಕವಿರುವ ವಹಿಯ ಪುಟದ ಪ್ರತಿ, ಕಪಾಟುಗಳನ್ನು ದಾಸ್ತಾನು ವಹಿಗೆ ತೆಗೆದುಕೊಂಡ ನಮೂದಿನ ಪ್ರತಿ, ಬಿಲ್ಲಿಗೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ಪ್ರತಿ, ನನ್ನ ಬಿಲ್ಲು ಬಂದ ದಿನದಿಂದ ಇಂದಿನವರೆಗೆ ಪಾವತಿಯಾದ ಬಿಲ್ಲುಗಳ ವಹಿಯ ಪ್ರತಿ. ಈ ನಾಲ್ಕೂ ಕಚೇರಿಯಲ್ಲಿ ಇರುವ ಕಾಗದಗಳು. ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು, ಯಾರ ಆಕ್ಷೇಪಣೆಯಿಂದ ನಿಂತಿತು, ನಂತರ ಬಂದ ಬಿಲ್ಲುಗಳು ಮೊದಲೇ ಪಾವತಿಯಾದವೇ ಎಂಬುದು ಅವುಗಳಿಂದಲೇ ಗೊತ್ತಾಗುತ್ತದೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಟಿಪ್ಪಣಿ ಹಾಳೆಯಲ್ಲಿ ಇರುತ್ತದೆ.

ಅರ್ಜಿ ಬರೆಯುವಾಗ ಗಮನಿಸಬೇಕಾದುವು

ಕರ್ನಾಟಕದ ನಿಯಮಗಳಂತೆ ಅರ್ಜಿಯ ಶುಲ್ಕ 10 ರೂಪಾಯಿ. ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಹಕ್ಕು ಇರುವುದು ಪ್ರಜೆಗೆ. ಆದುದರಿಂದ ಸಂಸ್ಥೆಯ ಹೆಸರಿನಲ್ಲಿ ಬರೆಯುವ ಬದಲು ಮಾಲೀಕರೋ ಪಾಲುದಾರರೋ ಸ್ವಂತ ಹೆಸರಿನಲ್ಲಿ ಬರೆಯುವುದು ಕ್ಷೇಮ. ಮಾಹಿತಿ ಏತಕ್ಕೆ ಬೇಕು ಎಂಬ ಕಾರಣ ಕೊಡಬೇಕಾಗಿಲ್ಲ.

ಮಾಹಿತಿ ಅಧಿಕಾರಿ 30 ದಿನಗಳೊಳಗೆ ಉತ್ತರಿಸಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕಾಗುತ್ತದೆ. ವಿಷಯವು ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಬೇಕು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳಲ್ಲಿ ಅದೇ ಕಚೇರಿಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಅನಂತರ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಇಲ್ಲಿಯೂ ಒಂದು ಆಯ್ಕೆಯಿದೆ. ಅಧಿನಿಯಮದ 18ನೆಯ ಕಲಮಿನಡಿ ಆಯೋಗಕ್ಕೆ ನೇರವಾಗಿ ದೂರು ಕೊಡಬಹುದು. ಆದರೆ ಆ ಕಲಮಿನಡಿ ಆಯೋಗವು ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಡಿಸೆಂಬರಿನಲ್ಲಿ ಮಣಿಪುರ ರಾಜ್ಯದ ಪ್ರಕರಣದಲ್ಲಿ ತೀರ್ಪು ನೀಡಿದೆ. ದಂಡ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿ. ಕಾಗದ ಬೇಕಾದವರು 19ನೆಯ ಕಲಮಿನ ಮೇಲ್ಮನವಿಯನ್ನೇ ಹಿಡಿಯಬೇಕು. ಅಧಿಕಾರಿಯ ಮೇಲಿನ ಕೋಪದಲ್ಲಿ 18ನ್ನು ಆರಿಸಿಕೊಂಡವರಿಗೆ ಕೊನೆಗೆ ಕಾಗದವೇ ದೊರೆಯದೆ ಹೋಗಬಹುದು.

ಅಧಿಕಾರಿಯ ಆಸ್ತಿ, ರಜೆ ಮುಂತಾದ ಖಾಸಗಿ ವಿವರಗಳನ್ನು ಕೇಳುವುದರಿಂದ ಪ್ರಯೋಜನವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮಿಗೆ ಆದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವುದು ಇನ್ನಷ್ಟು ಸುಲಭವಾಗಿದೆ. ನಮ್ಮ ಕಡತದ ಬಗ್ಗೆ ಮಾತ್ರ ಕೇಳುವುದು ಜಾಣತನ.

ದೂರು ಕೊಡುವುದಾದರೆ ಎಲ್ಲಿ?

ದೂರಿಗೆ ಒಂದೇ ಬಾಗಿಲಿಲ್ಲ. ವಿಷಯಕ್ಕೆ ತಕ್ಕಂತೆ ಬಾಗಿಲು ಬೇರೆ.

ಸರಬರಾಜಿನ ಹಣ: 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದಂತೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ಖರೀದಿದಾರ ಸರಕಾರಿ ಸಂಸ್ಥೆಯಾದರೂ ವಿನಾಯಿತಿಯಿಲ್ಲ. ಇದಕ್ಕಾಗಿ ಸೌಲಭ್ಯ ಮಂಡಳಿಯ ಮುಂದೆ ಹೋಗಬೇಕು. ಮೇಲಿನ ಉದಾಹರಣೆಯ ಉದ್ಯಮಿಗೆ ನಿಜವಾದ ಪರಿಹಾರ ಇರುವುದು ಇಲ್ಲಿಯೇ. ಉದ್ಯಮ್ ನೋಂದಣಿಯನ್ನು ಸರಬರಾಜಿಗೆ ಮೊದಲೇ ಮಾಡಿಸಿಕೊಂಡಿರುವುದು ಒಳಿತು. ಸಗಟು ಮತ್ತು ಚಿಲ್ಲರೆ ವರ್ತಕರಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು ಎಂಬುದನ್ನು ಮರೆಯಬಾರದು.

ಪರವಾನಗಿ ಮತ್ತು ಪ್ರಮಾಣಪತ್ರ: 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದಡಿ ಬರುವ ಸೇವೆಗಳಿಗೆ ದಿನಗಳ ಮಿತಿಯಿದೆ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪಾರ ಪರವಾನಗಿ ಇವುಗಳಲ್ಲಿ ಒಂದು. ಅರ್ಜಿಯ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದಾದರೂ ವಿಳಂಬ ದಾಖಲೆಗೆ ಸೇರುತ್ತದೆ.

ವಿದ್ಯುತ್ ಬಿಲ್ಲು ಮತ್ತು ಸಂಪರ್ಕ: ವಿತರಣಾ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅನಂತರ ವಿದ್ಯುತ್ ಒಂಬುಡ್ಸ್‌ಮನ್.

ದುರಾಡಳಿತ ಮತ್ತು ಭ್ರಷ್ಟಾಚಾರ: 1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮವು ಕುಂದುಕೊರತೆ ಮತ್ತು ಆಪಾದನೆ ಎಂದು ಎರಡು ಬಗೆಯ ದೂರುಗಳನ್ನು ಗುರುತಿಸುತ್ತದೆ. ಎರಡಕ್ಕೂ ನಿಗದಿತ ನಮೂನೆ ಮತ್ತು ಪ್ರಮಾಣ ಪತ್ರ ಬೇಕು. ಬೇರೆ ಕಾನೂನಿನಡಿ ಮೇಲ್ಮನವಿಯ ಮಾರ್ಗವಿರುವ ಕುಂದುಕೊರತೆಯನ್ನು ಲೋಕಾಯುಕ್ತವು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. "ನೇರವಾಗಿ ಲೋಕಾಯುಕ್ತ" ಎಂಬ ಸಲಹೆ ಹಲವು ಬಾರಿ ವಿಫಲವಾಗುವುದು ಈ ಕಾರಣದಿಂದ.

ಲಂಚದ ಬೇಡಿಕೆಯಾದರೆ ಮಾಹಿತಿ ಅರ್ಜಿಯನ್ನು ಬರೆಯುತ್ತ ಕೂರಬಾರದು. 2018ರ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಲುಕಿ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆ. ಕೊಡುವ ಮುನ್ನವೇ ತಿಳಿಸುವುದು ಇನ್ನೂ ಉತ್ತಮ. ರಾಜ್ಯದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಉಚ್ಚ ನ್ಯಾಯಾಲಯವು 2022ರ ಆಗಸ್ಟಿನಲ್ಲಿ ರದ್ದುಪಡಿಸಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ.

ಗಡುವು ಕಾಯುವುದಿಲ್ಲ

ಸದಸ್ಯರು ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರ ವಹಿಸಬೇಕಾದುದು ಇಲ್ಲಿ. ಮಾಹಿತಿ ಅರ್ಜಿ ಬಾಕಿಯಿದೆ ಎಂಬ ಕಾರಣಕ್ಕೆ ಬೇರೆ ಕಾನೂನಿನ ಗಡುವು ತಾನಾಗಿ ನಿಲ್ಲುವುದಿಲ್ಲ.

ಟೆಂಡರನ್ನೇ ತೆಗೆದುಕೊಳ್ಳೋಣ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 16ನೆಯ ಕಲಮಿನಂತೆ ಟೆಂಡರು ಅಂಗೀಕಾರದ ಆದೇಶದಿಂದ ಬಾಧಿತನಾದವನು ಆದೇಶ ಕೈಸೇರಿದ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬೇಕು. ಮಾಹಿತಿ ಅರ್ಜಿಗೆ ಉತ್ತರಿಸಲು ಕಚೇರಿಗೂ 30 ದಿನಗಳಿವೆ. ಪ್ರತಿಸ್ಪರ್ಧಿಯ ಕಾಗದಪತ್ರ ಕೇಳಿದರೆ ಅವರಿಗೆ ನೋಟೀಸು ನೀಡಬೇಕಾಗಿ ಅವಧಿ 40 ದಿನಗಳಿಗೆ ಹಿಗ್ಗುತ್ತದೆ. ದಾಖಲೆ ಕೈಗೆ ಬಂದ ಮೇಲೆ ಮೇಲ್ಮನವಿ ಬರೆಯೋಣ ಎಂದು ಕಾದವರು, ದಾಖಲೆ ಬರುವ ಹೊತ್ತಿಗೆ ಹಕ್ಕನ್ನೇ ಕಳೆದುಕೊಂಡಿರುತ್ತಾರೆ. ಇಂತಹ ಸಂದರ್ಭದಲ್ಲಿ ಎರಡನ್ನೂ ಒಂದೇ ದಿನ ಸಲ್ಲಿಸಬೇಕು. ಮಾಹಿತಿ ಕೋರಿರುವುದಾಗಿಯೂ ಅದು ಬಂದಾಗ ಹಾಜರುಪಡಿಸುವುದಾಗಿಯೂ ಮೇಲ್ಮನವಿಯಲ್ಲಿಯೇ ಬರೆಯಬೇಕು.

ಜಿಎಸ್‌ಟಿ ಆದೇಶದ ವಿರುದ್ಧ ಮೊದಲ ಮೇಲ್ಮನವಿಗೆ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಮಾತ್ರ. ಲೋಕಾಯುಕ್ತಕ್ಕೆ ಕುಂದುಕೊರತೆಯ ದೂರಾದರೆ ವಿಷಯ ತಿಳಿದ ದಿನದಿಂದ ಆರು ತಿಂಗಳು, ಆಪಾದನೆಯಾದರೆ ಕೃತ್ಯ ನಡೆದ ದಿನದಿಂದ ಐದು ವರ್ಷ. ಮಾಹಿತಿ ಹಕ್ಕಿನ ಎರಡು ಮೇಲ್ಮನವಿಗಳನ್ನೂ ಮುಗಿಸಿ ಬರುವಷ್ಟರಲ್ಲಿ ಆರು ತಿಂಗಳು ಸುಲಭವಾಗಿ ದಾಟಿರುತ್ತದೆ.

ಅಂಜಿಕೆಯ ಮಾತು

"ನಾಳೆಯೂ ಅದೇ ಕಚೇರಿಗೆ ಹೋಗಬೇಕಲ್ಲ" ಎಂಬುದು ಹಲವು ಸದಸ್ಯರ ಮಾತು. ಇದು ಕಡೆಗಣಿಸುವಂಥದಲ್ಲ. ನೀರಿನಲ್ಲಿದ್ದು ಮೊಸಳೆಯೊಡನೆ ಹಗೆತನವೇಕೆ ಎಂದು ಸುಮ್ಮನಾಗುವವರೇ ಹೆಚ್ಚು. ಇದಕ್ಕೊಂದು ಮಾರ್ಗವಿದೆ. ಒಬ್ಬ ವರ್ತಕನ ಬಿಲ್ಲನ್ನು ಮಾತ್ರ ಕೇಳದೆ, ಒಂದು ಅವಧಿಯಲ್ಲಿ ಬಂದ ಮತ್ತು ಪಾವತಿಯಾದ ಎಲ್ಲ ಬಿಲ್ಲುಗಳ ವಹಿಯ ಪ್ರತಿಯನ್ನು ಸಂಘದ ಪದಾಧಿಕಾರಿಯೊಬ್ಬರು ಸ್ವಂತ ಹೆಸರಿನಲ್ಲಿ ಕೇಳಬಹುದು. ಆಗ ಯಾವ ಸದಸ್ಯರೂ ಒಂಟಿಯಾಗಿ ಕಣ್ಣಿಗೆ ಬೀಳುವುದಿಲ್ಲ. ವಿಳಂಬವು ಎಲ್ಲರಿಗೂ ಒಂದೇ ರೀತಿಯಾಗಿದೆಯೇ, ಕೆಲವರಿಗೆ ಮಾತ್ರವೇ ಎಂಬುದು ತಿಳಿಯುತ್ತದೆ. ಮೊದಲನೆಯದಾದರೆ ಅನುದಾನದ ಕೊರತೆಯಿರಬಹುದು, ಮನವಿ ಸಾಕು. ಎರಡನೆಯದಾದರೆ ದೂರಿಗೆ ಬಲವಾದ ಆಧಾರ ಸಿಕ್ಕಂತಾಯಿತು.

ಸಾರಾಂಶ

1. ಮೊದಲು ಕಚೇರಿಗೆ ದಿನಾಂಕ ಸಹಿತ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಅಥವಾ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

2. ಪರಿಹಾರ ನೀಡುವ ಪ್ರಾಧಿಕಾರ ಯಾವುದು, ಅದರ ಗಡುವು ಎಂದು ಮುಗಿಯುತ್ತದೆ ಎಂಬುದನ್ನು ಕಡತದ ಮೇಲೆಯೇ ಬರೆದಿಡಿ.

3. ದಾಖಲೆ ಕೊರತೆಯಿದ್ದು ಸಮಯವಿದ್ದರೆ ಮೊದಲು ಮಾಹಿತಿ ಅರ್ಜಿ, ಆಮೇಲೆ ದೂರು. ಗಡುವು ಹತ್ತಿರವಿದ್ದರೆ ಎರಡೂ ಒಟ್ಟಿಗೆ.

4. ದಾಖಲೆ ಪೂರ್ಣವಿದ್ದರೆ ಮಾಹಿತಿ ಅರ್ಜಿಯ ಅಗತ್ಯವೇ ಇಲ್ಲ.

5. ಮಾಹಿತಿ ಅರ್ಜಿಯಲ್ಲಿ ಪ್ರಶ್ನೆ ಕೇಳಬೇಡಿ, ಕಾಗದ ಕೇಳಿ. ದೂರಿನಲ್ಲಿ ಊಹೆ ಬರೆಯಬೇಡಿ, ದಿನಾಂಕ ಬರೆಯಿರಿ.

ಈ ಐದನ್ನು ಪಾಲಿಸುವುದಕ್ಕೆ ವಕೀಲರ ನೆರವು ಬೇಕಾಗದು. ಆದರೆ ದೊಡ್ಡ ಮೊತ್ತದ ಬಾಕಿ, ಟೆಂಡರು ಅಥವಾ ತೆರಿಗೆಯ ವಿಷಯವಿದ್ದಲ್ಲಿ ಆದೇಶ ಕೈಸೇರಿದ ವಾರದೊಳಗೆ ನುರಿತ ಸಲಹೆಗಾರರನ್ನು ಕಾಣುವುದು ಲೇಸು.