ಸೊರಬ ಸೀಮೆಯ ಉರುವಲು ಮತ್ತು ರೈತನ ಆದಾಯ

ಸೊರಬ ತಾಲ್ಲೂಕಿನ ಅಡಕೆ ಬೆಳೆಗಾರನಿಗೆ ಕೊಯ್ಲಿನ ಕಾಲದಲ್ಲಿ ಒದಗುವ ಚಿಂತೆಗಳಲ್ಲಿ ಸೌದೆಯದು ಸಣ್ಣದಲ್ಲ. ಹಸಿಯಡಕೆಯನ್ನು ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ, ಬಳಿಕ ಬಿಸಿಲಿನಲ್ಲಿ ಹರವುವುದು ಇಲ್ಲಿನ ಕ್ರಮವಾಗಿದೆ. ಒಣಗಿಸುವ ಕೆಲಸವನ್ನು ಸೂರ್ಯನು ಪುಕ್ಕಟೆಯಾಗಿ ಮಾಡಿಕೊಡುವನು; ಬೇಯಿಸುವುದಕ್ಕೆ ಮಾತ್ರ ಕಾಡು ಬೆಲೆ ತೆರಬೇಕಾಗುವುದು.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದಾಗ ಅವುಗಳ ಸಂಖ್ಯೆ 171 ಆಗಿದ್ದಿತು. ಮೆಣಸಿನ ಬಳ್ಳಿಗೂ, ಊರ ದೇವರಿಗೂ, ಕೆಳಗಣ ಕೆರೆಗೂ ಕಾನೇ ಆಶ್ರಯ. ಸೌದೆಯು ಮತ್ತೆ ಚಿಗುರತಕ್ಕ ವಸ್ತುವೆಂಬುದು ದಿಟ. ಆದರೆ ಚಿಗುರುವುದಕ್ಕಿಂತ ಬೇಗ ಕಡಿದಲ್ಲಿ ಅದಕ್ಕೂ ಕಲ್ಲಿದ್ದಲಿಗೂ ಭೇದವೇನು?

ಇದೇ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯು ಮೊದಲಲ್ಲಿ ಮಲೆನಾಡಿನ ಮರದ ಇದ್ದಿಲನ್ನೇ ನಂಬಿದ್ದಿತು. 1948ರಲ್ಲಿ ಜೋಗದ ನೀರಿನಿಂದ ವಿದ್ಯುತ್ತು ದೊರೆತ ಬಳಿಕ, 1950ರ ದಶಕದಲ್ಲಿ ಅಲ್ಲಿಗೆ ವಿದ್ಯುತ್ ಕುಲುಮೆಗಳು ಬಂದುವು. ಶಕ್ತಿಯಿಂದ ಉದ್ಯಮವು ಬೆಳೆಯುವುದೆಂಬುದಕ್ಕೆ ಇದು ಸಾಕ್ಷಿ. ಆದರೆ ಕಾರ್ಖಾನೆ ಬೆಳೆದ ಮಾತ್ರಕ್ಕೆ ಸೊರಬದ ಅಡುಗೆಮನೆಯ ಹೊಗೆ ತಗ್ಗಲಿಲ್ಲ.

ಅದಕ್ಕೆ ಕೊಟ್ಟಿಗೆಯ ಕಡೆಗೇ ನೋಡಬೇಕು. ಸುಮಾರು 25 ಕಿಲೋಗ್ರಾಂ ಸಗಣಿಯಿಂದ ಒಂದು ಘನಮೀಟರ್ ಅನಿಲವು ದೊರೆಯುವುದು. ಎರಡು ಘನಮೀಟರಿನ ತೊಟ್ಟಿಯು ಸಣ್ಣ ಸಂಸಾರದ ಅಡುಗೆಗೆ ಸಾಕು. ಬೆರಣಿಯಾಗಿ ಸುಟ್ಟ ಸಗಣಿಯು ಗೊಬ್ಬರಕ್ಕೆ ಎರವಾಗುತ್ತದೆ. ಅನಿಲ ತೆಗೆದ ಬಗ್ಗಡದಲ್ಲಾದರೋ ಸಾರಜನಕವು ಉಳಿದು ತೋಟಕ್ಕೆ ಸಲ್ಲುತ್ತದೆ. ಹೀಗೆ ಒಲೆಯಲ್ಲಿ ಉಳಿದ ಹಣವು ಗೊಬ್ಬರದ ಲೆಕ್ಕದಲ್ಲಿಯೂ ಉಳಿಯುವುದು.

ಆದರೆ ಸಗಣಿಯುಳ್ಳವನಿಗೇ ಅನಿಲ. ಮಲೆನಾಡು ಗಿಡ್ಡವು ಸಣ್ಣ ತಳಿ. ಹಗಲೆಲ್ಲ ಕಾಡಿನಲ್ಲಿ ಮೇಯುವುದರಿಂದ ಅರ್ಧ ಸಗಣಿ ಅಲ್ಲಿಯೇ ಬೀಳುವುದು. ದನವಿಲ್ಲದ ಕೂಲಿಯವನಿಗಂತೂ ತೊಟ್ಟಿಯಿಂದ ಪ್ರಯೋಜನವಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಅಡುಗೆಯ ಅನಿಲ ಒದಗಿಸಲೆಳಸಿದಾಗ ಸಗಣಿ ಸಾಲದಾಯಿತು. ಅವರು ಕೈಬಿಡದೆ, 1987ರಿಂದ ಅದೇ ಅನಿಲದಿಂದ ಯಂತ್ರ ನಡೆಯಿಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿದರು. ಸಗಣಿ ತಂದವರಿಗೆ ಹಣವೂ ಬಗ್ಗಡವೂ ಸಂದುವು.

ಅಡಕೆ ಬೇಯಿಸುವ ದೊಡ್ಡ ಹಂಡೆಗೆ ಮನೆಯ ತೊಟ್ಟಿಯ ಅನಿಲವು ಸಾಲದು. ಅಲ್ಲಿ ಒಲೆಯನ್ನೇ ತಿದ್ದಬೇಕು: ಹಂಡೆಯ ತಳಕ್ಕೆ ಹೊಂದುವ ಬಾಯಿ, ಒಳಗೆ ಗಾಳಿ ಬರಲು ಕಬ್ಬಿಣದ ಜಾಲರಿ, ಮೇಲೆ ಹೊಗೆಕೊಳವೆ. ಕಾನಿನ ಮರದ ಬದಲು ತೋಟದಲ್ಲಿಯೇ ಬಿದ್ದ ಸೋಗೆಯನ್ನೂ, ದಾರಿಯ ಬದಿಗೆ ಸುರಿಯುವ ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿಕೊಂಡೂ, ಮುಂದಿನ ಕೊಯ್ಲಿಗೆ ಸೂರಿನಡಿ ಕೂಡಿಡಬಹುದು.