ಕರಸ್ಥಲದ ಎರಡು ವಸ್ತುಗಳು

ವೀರಶೈವ ಸಾಧನೆಯಲ್ಲಿ ಅಂಗೈಗೆ ವಿಶೇಷವಾದ ಸ್ಥಾನವುಂಟು. ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಬಿಜಯಂಗೈಸಿ, ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸುವುದು ಪೂಜೆಯ ಕ್ರಮ. ಆ ಅಂಗೈಯನ್ನೇ ಹಿರಿಯರು ಕರಸ್ಥಲವೆಂದರು. ಇಂದು ನಮ್ಮ ಮಕ್ಕಳ ಅದೇ ಅಂಗೈಗೆ ಮತ್ತೊಂದು ವಸ್ತು ಬಂದಿದೆ. ಅದು ಮೊಬೈಲ್ ಫೋನು. ಅದರಲ್ಲಿ ಅವರು ಆಟವಾಡುತ್ತಾರೆ. ಆಡುತ್ತಾಡುತ್ತ ಇಂಗ್ಲಿಷನ್ನೂ ಕಲಿಯುತ್ತಾರೆ. ಇವೆರಡರ ಸಂಬಂಧವೇನೆಂಬುದು ಈ ಲೇಖನದ ವಿಚಾರ.

1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾದ ಮೇಲೆ ದಾಂಡೇಲಿಗೆ ನಾನಾ ಕಡೆಯ ಜನ ಬಂದು ನೆಲೆಸಿದರು. ಇಲ್ಲಿಯ ಮಗು ಕನ್ನಡದೊಡನೆ ಕೊಂಕಣಿ, ಮರಾಠಿ, ಉರ್ದು ನುಡಿಗಳನ್ನು ಓಣಿಯಲ್ಲಿಯೇ ಕಲಿಯುತ್ತದೆ. ಇಂಗ್ಲಿಷಿಗೆ ಮಾತ್ರ ಅಂಥ ಓಣಿಯಿರಲಿಲ್ಲ; ಅದು ಪಠ್ಯಪುಸ್ತಕದ ಭಾಷೆಯಾಗಿತ್ತು. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಅನೇಕ ಮನೆಗಳಿಗೆ ಫೋನು ಬಂದಿತು. ಪಾಠದ ಹಿಂದೆಯೇ ಆಟವೂ ಬಂದಿತು. ಇಂಗ್ಲಿಷಿನ ಓಣಿ ಮನೆಯೊಳಗೇ ತೆರೆಯಿತು.

ಆಟದಿಂದ ಭಾಷೆ ಬರುವುದೆಂಬುದು ಕೇವಲ ಮಕ್ಕಳ ನೆಪವಲ್ಲ. ಹೆಚ್ಚು ಆಡುವ ಮಕ್ಕಳ ಇಂಗ್ಲಿಷ್ ಶಬ್ದಸಂಗ್ರಹವೂ ಹೆಚ್ಚಾಗಿರುವುದನ್ನು ಸ್ವೀಡನ್ನಿನ ವಿದ್ವಾಂಸರು 2012ರಲ್ಲಿ ಪ್ರಕಟಿಸಿದರು; ಬೋಸ್ನಿಯಾದ ಶಾಲಾಮಕ್ಕಳಲ್ಲಿಯೂ ಈ ವಿಷಯದ ಪರಿಶೀಲನೆ ನಡೆದಿದೆ. ಕಾರಣ ಸರಳವಾದುದು. ಆಟದಲ್ಲಿ ಶಬ್ದ, ಕ್ರಿಯೆ, ಫಲ ಮೂರೂ ಒಂದೇ ಕ್ಷಣದಲ್ಲಿ ಕೂಡುತ್ತವೆ. ಶಬ್ದ ತಿಳಿಯದಿದ್ದರೆ ಸೋಲು. ಆದುದರಿಂದ ಅದು ಮರೆಯುವುದಿಲ್ಲ.

ಈ ತತ್ತ್ವ ವಚನ ಓದಿದವರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಸಂಸ್ಕೃತವನ್ನು ಬಿಟ್ಟು ಜನರಾಡುವ ಕನ್ನಡದಲ್ಲಿ ಅನುಭಾವವನ್ನು ನುಡಿದರು. ಅಂಬಿಗರ ಚೌಡಯ್ಯನಿಗೆ ದೋಣಿ, ಕದಿರ ರೆಮ್ಮವ್ವೆಗೆ ರಾಟೆ ಮಾತಿನ ಗಣಿಯಾದವು. ಕೈ ಮಾಡಿದ್ದನ್ನು ಬಾಯಿ ನುಡಿಯಿತು. ಆದಕಾರಣ ಮಗು ಕ್ರಿಯೆಯ ಮೂಲಕ ಪರಭಾಷೆಯ ಶಬ್ದ ಕಲಿತರೆ ನಾವು ಹೆದರಬೇಕಾದುದಿಲ್ಲ.

ವಿಚಾರಣೀಯ ಅಂಶ ಬೇರೆಯೇ ಇದೆ. ಲಿಂಗ ಅಂಗೈಯಲ್ಲಿ ಅಚಲವಾಗಿರುತ್ತದೆ. ಚಲಿಸುವ ಮನಸ್ಸು ಅಲ್ಲಿ ನಿಲ್ಲಲು ಕಲಿಯಬೇಕು. ಆಟದ ಪರದೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಿಂತ ಮನಸ್ಸನ್ನೂ ಅದು ಓಡಿಸುತ್ತದೆ. ಎರಡೂ ಕಡೆ ಏಕಾಗ್ರತೆ ಕಾಣುತ್ತದೆ. ಆದರೆ ಒಂದರಲ್ಲಿ ನೋಡುವವನು ಒಡೆಯ, ಇನ್ನೊಂದರಲ್ಲಿ ನೋಟವೇ ಒಡೆಯ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. ಮಕ್ಕಳು ಬೇರೆ ಆಟಗಳಿಗೆ ತಿರುಗಿದರು. ಆಟವನ್ನು ತೆಗೆಯುವುದು ಕಾನೂನಿನ ಕೆಲಸ. ಮನಸ್ಸನ್ನು ತಿದ್ದುವುದು ಮನೆಯ ಕೆಲಸ.

ಈ ಕೆಲಸದಲ್ಲಿ ನಾನೇ ತಪ್ಪಿದೆ. ಪೂಜೆ ಮುಗಿಸಿದರೆ ಅರ್ಧ ಗಂಟೆ ಆಟವೆಂದು ಮೊಮ್ಮಗನೊಡನೆ ಕರಾರು ಮಾಡಿದ್ದೆನು. ಕೆಲವೇ ದಿನಗಳಲ್ಲಿ ಪೂಜೆ ಐದು ನಿಮಿಷಕ್ಕೆ ಇಳಿಯಿತು. ಒಂದು ಮುಂಜಾನೆ ಲಿಂಗವನ್ನು ಕರಡಿಗೆಯಲ್ಲಿಡುತ್ತಲೇ ಅವನು, “ಅಜ್ಜಾ, ಪೂಜಿ ಮುಗೀತು, ಫೋನ್ ಕೊಡು” ಎಂದು ಅದೇ ಅಂಗೈ ಚಾಚಿದನು. ಮಗುವಿನ ದೋಷ ಅದರಲ್ಲಿ ಏನೂ ಇರಲಿಲ್ಲ. ಪೂಜೆಯನ್ನು ಆಟದ ಬಾಗಿಲಲ್ಲಿ ತೆರುವ ಸುಂಕವನ್ನಾಗಿ ಮಾಡಿದವನು ನಾನು.

ಆ ದಿನವೇ ಕರಾರು ಬಿಟ್ಟೆನು. ಮುಂಜಾನೆ ಅವನ ಪಕ್ಕದಲ್ಲಿಯೇ ನಾನೂ ಪೂಜೆಗೆ ಕೂಡುತ್ತೇನೆ. ಎಷ್ಟು ಹೊತ್ತೆಂದು ಕೇಳುವುದಿಲ್ಲ. ಆಟಕ್ಕೆ ಸಂಜೆ ಬೇರೆ ವೇಳೆ. ಆಟ ಮುಗಿದ ಮೇಲೆ ನಡೆದುದನ್ನು ಮೂರು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕು. ‘ಕವರ್’ ಎಂದರೆ ಮರೆಯಲ್ಲಿ ಅಡಗುವುದೆಂದು ಅವನಿಗೆ ಗೊತ್ತಿತ್ತು; ಪುಸ್ತಕದ ಹೊದಿಕೆಗೂ ಅದೇ ಶಬ್ದವೆಂದು ಹೊಳೆದಿರಲಿಲ್ಲ. ಆಟ ಶಬ್ದವನ್ನು ಕೊಡುತ್ತದೆ. ಅದನ್ನು ವಾಕ್ಯದೊಳಗೆ, ಬಾಳಿನೊಳಗೆ ತರಲು ಹತ್ತಿರ ಒಬ್ಬ ಹಿರಿಯ ಬೇಕು. ಪೂಜೆಯ ಮಾತೂ ಹಾಗೆಯೇ: ನಡೆಗೆ ಬಾರದಿದ್ದರೆ ಅದೂ ಬರಿಯ ಶಬ್ದ.

ಅವನ ಮನಸ್ಸು ಈಗಲೂ ಕೆಲವು ದಿನ ಓಡುತ್ತದೆ. ಅರುವತ್ತು ದಾಟಿದ ನನ್ನದೂ ಓಡುತ್ತದೆ. ಆದರೆ ಲಿಂಗವನ್ನು ಕರಡಿಗೆಯಲ್ಲಿಟ್ಟ ಮೇಲೆ ಆ ಪುಟ್ಟ ಅಂಗೈ ಈಗ ಏನನ್ನೂ ಬೇಡುವುದಿಲ್ಲ.