ಅಂಗಳದ ಕಾವಲಿಗೆ ಸೆನ್ಸರ್ ದೀಪ: ಕೊಳ್ಳುವ ಮುನ್ನ ನಾಲ್ಕು ಮಾತು

ಅಡಿಕೆ ಕೊಯ್ಲು ಮುಗಿದು ಅಂಗಳದಲ್ಲಿ ಚಾಲಿ ಹರವಿದ ಮೇಲೆ ನಮ್ಮ ಸದಸ್ಯ ಬಾಂಧವರಿಗೆ ನಿದ್ದೆ ಕಡಿಮೆ. ಸುಲಿಯುವ ಹದಕ್ಕೆ ಒಣಗಲು ನಲವತ್ತು ದಿನಗಳಾದರೂ ಬೇಕು. ಅಷ್ಟು ದಿನವೂ ವರ್ಷದ ದುಡಿಮೆಯೆಲ್ಲ ಆಕಾಶದ ಕೆಳಗೇ ಬಿದ್ದಿರುತ್ತದೆ. ಅಡಿಕೆಯ ನಡುವೆ ಕಾಫಿ, ಕಾಳುಮೆಣಸು ಮಾಡಿಕೊಂಡವರಿಗೆ ಇನ್ನೂ ಹೆಚ್ಚಿನ ಚಿಂತೆ. ಮೆಣಸಿನ ಚೀಲವನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ನಡೆದುಬಿಡಬಹುದು. ಕಲಘಟಗಿ ತಾಲೂಕಿನಲ್ಲಿ ನಮ್ಮ ತೋಟದ ಮನೆಗಳು ಊರಿಂದ ದೂರ, ಒಂದಕ್ಕೊಂದು ಕೂಗಿದರೆ ಕೇಳದಷ್ಟು ದೂರ. ಹೀಗಾಗಿ, ಮನುಷ್ಯ ಸುಳಿದೊಡನೆ ತಾನಾಗಿ ಹತ್ತುವ ಸೆನ್ಸರ್ ದೀಪಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಸಂಘದ ಕಚೇರಿಗೆ ಬರುವವರು ಕೇಳುವುದು ಈಚೆಗೆ ಹೆಚ್ಚಾಗಿದೆ. ನಮಗೆ ತಿಳಿದಷ್ಟನ್ನು, ಪೆಟ್ಟು ತಿಂದು ಕಲಿತದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇವೆ.

ಮೊದಲು ಪೆಟ್ಟಿನ ಮಾತು. ಎರಡು ವರ್ಷಗಳ ಹಿಂದೆ ನಾವು ಹುಬ್ಬಳ್ಳಿಯಿಂದ ಒಂದು ದೀಪ ತಂದು ಅಂಗಳಕ್ಕೆ ನೇರ ಮುಖ ಮಾಡಿ ಕಟ್ಟಿಸಿದೆವು. ಮೊದಲ ವಾರ ಮನೆಮಂದಿಗೆಲ್ಲ ಸಂಭ್ರಮ. ಆಮೇಲೆ ಅದು ರಾತ್ರಿಗೆ ಇಪ್ಪತ್ತು ಮೂವತ್ತು ಸಲ ಹತ್ತತೊಡಗಿತು. ನಾಯಿ ಬಂದರೂ ಹತ್ತುವುದು, ಬೆಕ್ಕು ಹಾದರೂ ಹತ್ತುವುದು, ಯಾರೂ ಇಲ್ಲದಾಗಲೂ ಹತ್ತುವುದು. "ಸಾವಕಾರ್ರ, ಇದಕ್ಕ ದೆವ್ವ ಹೊಕ್ಕೈತ್ರಿ" ಎಂದು ತೋಟದ ಆಳು ನಕ್ಕ. ಕಿಟಕಿಯಿಂದ ಬೆಳಕು ಬಿದ್ದು ನಿದ್ದೆ ಕೆಡುತ್ತದೆಂದು ಮನೆಯಲ್ಲಿ ಸ್ವಿಚ್ಚು ಆರಿಸಿ ಮಲಗುವ ರೂಢಿಯಾಯಿತು. ಹಾಗೆ ಆರಿಸಿ ಮಲಗಿದ್ದ ಒಂದು ರಾತ್ರಿ ಎರಡು ಚೀಲ ಅಡಿಕೆ ಹೋಯಿತು. ದೂರು ಕೊಟ್ಟೆವು, ಅಡಿಕೆ ಸಿಗಲಿಲ್ಲ.

ದೀಪದಲ್ಲಿ ದೋಷವಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಪಿ.ಐ.ಆರ್. ಎಂದು ಕರೆಯುವ ಈ ಸೆನ್ಸರು ಗ್ರಹಿಸುವುದು ಶಾಖವನ್ನು. ಮನುಷ್ಯನ ಮೈಯಿಂದ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳು ಸದಾ ಹೊರಡುತ್ತಿರುತ್ತವೆ. ಸೆನ್ಸರಿನ ಮುಂದಿರುವ ಬಿಳಿ ಪ್ಲಾಸ್ಟಿಕ್ಕಿನ ಗುಮ್ಮಟವು ಎದುರಿನ ಜಾಗವನ್ನು ಬೀಸಣಿಗೆಯ ಮಡಿಕೆಗಳಂತೆ ಹೋಳು ಮಾಡಿ ನೋಡುತ್ತದೆ. ಸುತ್ತಲಿಗಿಂತ ಬಿಸಿಯಾದ ವಸ್ತುವೊಂದು ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದರೆ ದೀಪ ಹತ್ತುತ್ತದೆ. ನಮ್ಮ ಅಂಗಳದಲ್ಲಿ ಹಗಲೆಲ್ಲ ಕಾಯ್ದ ಅಡಿಕೆಯ ಮೇಲೆ ಸಂಜೆ ತಾಡಪತ್ರಿ ಹೊದಿಸುತ್ತಿದ್ದೆವು. ಗಾಳಿಗೆ ಅದರ ಅಂಚು ಎದ್ದು ಬಿದ್ದಾಗಲೆಲ್ಲ ಒಳಗಿನ ಬಿಸಿ ಸೆನ್ಸರಿಗೆ ಕಂಡು ಮರೆಯಾಗುತ್ತಿತ್ತು. ದೆವ್ವ ಅದೇ! ಅಡಿಕೆ ಬೇಯಿಸುವ ಒಲೆಯ ಎದುರು, ಡ್ರೈಯರಿನ ಬಿಸಿಗಾಳಿ ಬರುವಲ್ಲಿ ಕಟ್ಟಿದರೂ ಇದೇ ಗತಿ. ಸೆನ್ಸರಿನ ಮೇಲೆ ಜೇಡ ಬಲೆ ಕಟ್ಟಿದರೆ, ಹಲ್ಲಿ ಬಂದು ಕೂತರೆ ಅದಕ್ಕೂ ಹತ್ತುತ್ತದೆ.

ಪದೇ ಪದೇ ಸುಳ್ಳು ಹೇಳುವ ದೀಪವನ್ನು ಮನೆಯವರು ಮೂರನೆಯ ದಿನಕ್ಕೆ ನಂಬುವುದಿಲ್ಲ. ಕಳ್ಳ ಬಂದಾಗ ಹತ್ತಿದರೂ ಬೆಕ್ಕು ಎಂದುಕೊಂಡು ಮಗ್ಗುಲಾಗುತ್ತೇವೆ. ಆದ್ದರಿಂದ ಎಷ್ಟು ಪ್ರಕಾಶ, ಎಷ್ಟು ದೂರ ಎಂದು ಅಂಗಡಿಯಲ್ಲಿ ಕೇಳುವ ಮೊದಲು, ಬೇಡವಾದಾಗ ಸುಮ್ಮನಿರುವಂತೆ ಅದನ್ನು ಹೊಂದಿಸಲು ಬರುತ್ತದೆಯೇ ಎಂದು ಕೇಳಬೇಕು. ಸೆನ್ಸರಿನ ತಲೆ ಬೇಕಾದ ಕಡೆ ತಿರುಗುವಂತಿರಬೇಕು. ಸೂಕ್ಷ್ಮತೆ, ಹತ್ತಿರುವ ಸಮಯ, ಕತ್ತಲೆಯ ಮಟ್ಟ, ಈ ಮೂರಕ್ಕೂ ಬೇರೆ ಬೇರೆ ತಿರುಗುಣಿ ಇರಬೇಕು. ಇವಿಲ್ಲದ ದೀಪ ಅಗ್ಗಕ್ಕೆ ಸಿಕ್ಕರೂ ನಾವು ಕೊಳ್ಳುವುದಿಲ್ಲ. ಮೈಕ್ರೋವೇವ್ ಸೆನ್ಸರಿನ ದೀಪಗಳೂ ಬರುತ್ತವೆ. ಅವು ತೆಳು ಗೋಡೆಯ ಆಚೆಯ ಚಲನೆಗೂ, ಬಾಳೆ ಎಲೆ ತೂಗಿದರೂ ಹತ್ತುವುದುಂಟು. ತೋಟದ ಮನೆಗೆ ಬೇಡ.

ಕಟ್ಟುವ ಎತ್ತರ ಎಂಟು ಅಡಿ ಸಾಕು. ತೀರ ಮೇಲೆ ಕಟ್ಟಿದರೆ ಗೋಡೆಯ ಬುಡದಲ್ಲಿ ಬಂದವನು ತಪ್ಪಿಸಿಕೊಳ್ಳುತ್ತಾನೆ. ನೇರ ಎದುರಿಗೆ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಈ ಸೆನ್ಸರು ಬೇಗ ಗುರುತಿಸುತ್ತದೆ. ಆದ್ದರಿಂದ ಅಂಗಳಕ್ಕೆ ಬರುವ ದಾರಿಯನ್ನು ಅಡ್ಡಲಾಗಿ ನೋಡುವ ಮೂಲೆಯೇ ಸರಿಯಾದ ಜಾಗ. ನಾವು ಅದೇ ಹಳೆಯ ದೀಪವನ್ನು ಅಂಗಳದಿಂದ ತಿರುಗಿಸಿ, ಗೇಟಿನಿಂದ ಬರುವ ಕಾಲುದಾರಿಗೆ ಅಡ್ಡ ಕಟ್ಟಿಸಿದೆವು. ನಾಯಿಯ ಓಡಾಟಕ್ಕೆ ಹತ್ತದಂತೆ ತಲೆಯನ್ನು ತುಸು ಮೇಲೆತ್ತಿ ಸೂಕ್ಷ್ಮತೆ ಇಳಿಸಿದೆವು. ಈಗ ರಾತ್ರಿಗೆ ಒಂದೆರಡು ಸಲ ಹತ್ತಿದರೆ ಹೆಚ್ಚು, ಹತ್ತಿದಾಗ ಎದ್ದು ನೋಡುತ್ತೇವೆ.

ಇನ್ನು ಕೊಳ್ಳುವ ಮಾತು. ಪಂಪ್‌ಸೆಟ್ಟಿನ ಸಾಲಿನಿಂದ ಕರೆಂಟು ಪಡೆಯುವ ತೋಟದ ಮನೆಗಳಲ್ಲಿ ವೋಲ್ಟೇಜು ಏರುಪೇರಾಗುತ್ತದೆ. 100ರಿಂದ 300 ವೋಲ್ಟ್‌ವರೆಗೆ ತಡೆಯುತ್ತದೆಂದು ಮೈಮೇಲೆ ಅಚ್ಚಾಗಿರುವುದನ್ನೇ ಆರಿಸಿ. ಐ.ಪಿ. 65 ಎಂದಿರಲಿ, ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನವಲಗುಂದ, ಅಣ್ಣಿಗೇರಿಯ ಕಡೆ ಬೀಗರಿರುವವರು ಅವರಿಗೂ ಇದನ್ನು ತಿಳಿಸಬಹುದು. ಎರೆಭೂಮಿಯ ಬೇಸಿಗೆ ಧೂಳು ನಮ್ಮ ಮಳೆಗಿಂತ ಕಡಿಮೆ ಶತ್ರುವಲ್ಲ. ಭಾರತೀಯ ಮಾನಕ ಬ್ಯೂರೋದ ಗುರುತು, ಅದರ ಕೆಳಗೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹತ್ತು ವ್ಯಾಟಿನ ಎಲ್.ಇ.ಡಿ. ಒಂದು ದಾರಿಗೆ ಧಾರಾಳ. ಅದನ್ನು ರಾತ್ರಿ ಹನ್ನೆರಡು ತಾಸು ಉರಿಸಿದರೂ ತಿಂಗಳಿಗೆ 3.6 ಯೂನಿಟ್ ಮಾತ್ರ. ಆದ್ದರಿಂದ ಕರೆಂಟು ಉಳಿಯುತ್ತದೆಂಬ ಮಾತಿಗೆ ಮರುಳಾಗಿ ಸೆನ್ಸರ್ ದೀಪ ಕೊಳ್ಳಬೇಕಾಗಿಲ್ಲ. ಇಡೀ ರಾತ್ರಿ ಉರಿಯುವ ದೀಪದ ಕೆಳಗೆ ಯಾರು ಬಂದರೂ ಒಳಗಿದ್ದವರಿಗೆ ತಿಳಿಯುವುದಿಲ್ಲ. ಕತ್ತಲಲ್ಲಿ ಫಕ್ಕನೆ ಹತ್ತಿದ ಬೆಳಕು ತಿಳಿಸುತ್ತದೆ. ಪ್ರಯೋಜನ ಅಷ್ಟೇ.

ಸೌರದೀಪದ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಬೇಡಿ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಫಲಕ ಸುಡುಬಿಸಿಲಿನಲ್ಲೂ ಎರಡು ವ್ಯಾಟಿನ ಆಸುಪಾಸು ಕೊಡಬಲ್ಲದು. ಅದರ ಮೇಲೆ '100 ವ್ಯಾಟ್' ಎಂದು ಬರೆದದ್ದು ಬರೀ ಅಲಂಕಾರ. ಆಷಾಢ, ಶ್ರಾವಣದಲ್ಲಿ ವಾರಗಟ್ಟಲೆ ಸೂರ್ಯ ಕಾಣದಾಗ ಇಂಥವು ಮಲಗಿಬಿಡುತ್ತವೆ. ಆದರೆ ನಮ್ಮ ಅಂಗಳದಲ್ಲಿ ಮಾಲು ಇರುವುದು ಬಿಸಿಲುಗಾಲದಲ್ಲಿ. ಕಣದ ಕಾವಲಿಗೆ, ಫಲಕ ದೊಡ್ಡದಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿರುವ ಸೌರದೀಪ. ಮನೆಯ ಬಳಿಗೆ ಕರೆಂಟಿನದು. ನಮ್ಮ ಮಟ್ಟಿಗೆ ಇದೇ ಸರಿ ಕಂಡಿದೆ.

ಮನೆಯ ಬಳಿಯದ್ದು ಕಳ್ಳರಿಗಾಗಿ ಅಲ್ಲ. ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ರಾತ್ರಿ ಎರಡು ಸಲ ಹಿತ್ತಲಿನ ಬಚ್ಚಲಿಗೆ ಹೋಗಿ ಬರುತ್ತಾರೆ. ಬ್ಯಾಟರಿ ಹಿಡಿಯಲು ಕೈ ನಡುಗುತ್ತದೆ, ಸ್ವಿಚ್ಚು ಹುಡುಕಲು ಕಣ್ಣು ಸಾಲದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಬಹುಪಾಲು ಹಳ್ಳಿಯವರು. ಹಾವಿನ ಮೈ ತಣ್ಣಗಿರುವುದರಿಂದ ಅದು ಸೆನ್ಸರಿಗೆ ಕಾಣುವುದಿಲ್ಲ. ಆದರೆ ತಾಯಿಯವರು ಹೊಸ್ತಿಲು ದಾಟಿದೊಡನೆ ದೀಪ ಅವರನ್ನು ಕಂಡು ಹತ್ತುತ್ತದೆ, ಮೆಟ್ಟಿಲ ಮೇಲೆ ಏನಿದೆಯೆಂದು ಅವರಿಗೆ ಕಾಣುತ್ತದೆ. ಇಲ್ಲಿ ಸೂಕ್ಷ್ಮತೆ ಪೂರ್ತಿ ಏರಿಸಿದ್ದೇವೆ, ಸಮಯ ಐದು ನಿಮಿಷ ಇಟ್ಟಿದ್ದೇವೆ. ಬೆಕ್ಕಿಗೆ ಹತ್ತಿದರೂ ಚಿಂತೆಯಿಲ್ಲ. ಹಳದಿ ಬೆಳಕಿನದನ್ನೇ ಹಾಕಿಸಿ. ಬಿಳಿಗೆ ಹುಳ ಹೆಚ್ಚು ಮುತ್ತುತ್ತವೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು.

ಎರಡೂ ಬಗೆಯ ದೀಪಗಳನ್ನು ಸಂಘದ ಗೋದಾಮಿನ ಗೋಡೆಗೆ ಕಟ್ಟಿಸಿದ್ದೇವೆ. ನೋಡಬಯಸುವ ಸದಸ್ಯರು ಸಂಜೆ ಏಳರ ನಂತರ ಬರಬೇಕಾಗಿ ವಿನಂತಿ. ಹಗಲಿನಲ್ಲಿ ಬಂದವರಿಗೆ ಅವು ಹತ್ತುವುದಿಲ್ಲ.